ಫ್ರೀಜರಿನಲ್ಲಿ ತಲೆಯಿಟ್ಟ ಅತ್ತಿಗೆ

ನಮ್ಮ ಅತ್ತಿಗೆಯನ್ನು ನೆನೆಸಿಕೊಂಡರೆ ನನಗೆ ಮೊದಲು ಕಾಣುವುದು ಅವರ ಬೆನ್ನು. ಮುಖ ಆಮೇಲೆ. ಏಕೆಂದರೆ ಮುಖ ಫ್ರೀಜರಿನ ಒಳಗೆ ಇರುತ್ತಿತ್ತು.

ಆಕ್ಲೆಂಡಿನ ಹೆಂಡರ್ಸನ್ ಬಡಾವಣೆಯ ನಮ್ಮ ಬಾಡಿಗೆ ಮನೆಯಲ್ಲಿ, ಇಲ್ಲಿನ ಬೇಸಿಗೆಯ ಡಿಸೆಂಬರ್ ಬಂತೆಂದರೆ ಈ ದೃಶ್ಯ ದಿನವೂ ನಡೆಯುತ್ತಿತ್ತು. ಕೆಲಸ ಮುಗಿಸಿ ರೈಲಿಳಿದು, ಸ್ಟೇಷನ್ನಿನಿಂದ ಮನೆಯವರೆಗಿನ ಏರು ಹತ್ತಿ ಬಂದ ಅತ್ತಿಗೆ ಚಪ್ಪಲಿ ಬಿಟ್ಟವರೇ ಸೀದಾ ಅಡುಗೆಮನೆಗೆ ನುಗ್ಗುವರು. ಫ್ರಿಜ್ಜಿನ ಮೇಲಿನ ಬಾಗಿಲು ತೆರೆದು, ಬಟಾಣಿ ಪೊಟ್ಟಣಕ್ಕೂ ಕಾಯಿತುರಿ ಡಬ್ಬಿಗೂ ನಡುವೆ ತಲೆ ತೂರಿಸಿ, ಎರಡೂ ಕೈಯನ್ನು ಫ್ರಿಜ್ಜಿನ ಪಕ್ಕೆಗಳಿಗೆ ಊರಿ ನಿಂತುಬಿಡುವರು. ನಿಂತಲ್ಲಿಂದಲೇ ಮನೆಯ ಆಡಳಿತ ಶುರು. ಗುಹೆಯೊಳಗಿಂದ ಬಂದಂತೆ ದನಿ ಬರುತ್ತಿತ್ತು.

"ಚೇತೂ, ಅನ್ನಕ್ಕ ನೀರ ಇಟ್ಟೀಯೇನೋ?"

"ಇಟ್ಟೆ ಅತ್ತಿಗೆ."

"ಸುಳ್ಳ ಹೇಳಬ್ಯಾಡ. ನಳದ ಸಪ್ಪಳ ಕೇಳ್ಲಿಲ್ಲ ನನಗ."

ನಾನು ಅವರ ಹಿಂದೆ ನಿಂತು, ಗಾಳಿಯಲ್ಲೇ ಒಂದು ಫ್ರೀಜರ್ ಕಲ್ಪಿಸಿಕೊಂಡು, ತಲೆ ತೂರಿಸಿ, ಒಂದು ಕೈ ಸೊಂಟದ ಮೇಲಿಟ್ಟು, ಸದ್ದಿಲ್ಲದೆ ಅವರನ್ನು ಅಣಕಿಸುತ್ತಿದ್ದೆ. ಅವರು ತಿರುಗುತ್ತಲೂ ಇರಲಿಲ್ಲ.

"ಸೊಂಟದ ಮ್ಯಾಲ ಕೈ ಇಟ್ಟೀ ಹೌದಲ್ಲೋ? ನಾ ಎಂದೂ ಹಂಗ ಇಡಂಗಿಲ್ಲ. ತಪ್ಪು."

ಬೆನ್ನಿಗೆ ಕಣ್ಣಿದೆಯೇ ಎಂದು ಬಹಳ ದಿನ ತಲೆಕೆಡಿಸಿಕೊಂಡಿದ್ದೆ. ಆಮೇಲೆ ಗೊತ್ತಾಯಿತು: ಪಕ್ಕದ ಮೈಕ್ರೋವೇವಿನ ಗಾಜಿನ ಬಾಗಿಲಲ್ಲಿ ನಾನು ಪೂರ್ತಿ ಕಾಣುತ್ತಿದ್ದೆ. ಅತ್ತಿಗೆಯ ಕೆಲಸವೂ ಅದೇ ಜಾತಿಯದು. ಯಾರೋ ಬರೆದ ಸಾಫ್ಟ್‌ವೇರಿನಲ್ಲಿ ಎಲ್ಲಿ ತಪ್ಪಿದೆ ಎಂದು ಹುಡುಕಿ ಹೇಳುವುದು. ಆಫೀಸಿನಲ್ಲಿ ಸಂಬಳಕ್ಕೆ ಹುಡುಕುತ್ತಿದ್ದರು, ಮನೆಯಲ್ಲಿ ಪ್ರೀತಿಗೆ.

ಅವರಿಗಿದ್ದ ಕಾಯಿಲೆಯ ಹೆಸರು ಮಲ್ಟಿಪಲ್ ಸ್ಕ್ಲೆರೋಸಿಸ್. ಮೈಯ ಕಾವಲುಗಾರರೇ ದಾರಿ ತಪ್ಪಿ, ನರಗಳ ಮೇಲಿನ ಹೊದಿಕೆಯನ್ನು ಅಲ್ಲಲ್ಲಿ ಕಿತ್ತು ಹಾಕುವ ಕಾಯಿಲೆ. ಡಾಕ್ಟರು ಚಿತ್ರ ಬರೆದು ವಿವರಿಸಿದ್ದನ್ನು ಅತ್ತಿಗೆ ತಮ್ಮ ಧಾರವಾಡದ ಮಾತಿಗೆ ತಂದು ಹೀಗೆ ಹೇಳುತ್ತಿದ್ದರು: "ವೈರಿನ ಮ್ಯಾಲಿನ ಪ್ಲಾಸ್ಟಿಕ್ಕು ಇಲಿ ಕಡದದ, ಅಷ್ಟ. ತಂಪಿದ್ದಾಗ ಕರೆಂಟ ಹೆಂಗೋ ದಾಟತದ. ಮೈ ಬಿಸಿ ಆತೋ, ಲೈಟ್ ಹೋತು. ಮತ್ತ ತಂಪಾತೋ, ಲೈಟ್ ಬಂತು. ನಮ್ಮ ಊರಿನ ಕರೆಂಟಿಗೂ ನನಗೂ ಏನೂ ಫರಕಿಲ್ಲ." ಬಿಸಿಲಲ್ಲಿ ಸ್ವಲ್ಪ ಹೆಚ್ಚು ನಡೆದರೆ, ಬಿಸಿ ನೀರು ಮೈಮೇಲೆ ಬಿದ್ದರೆ, ಜ್ವರ ಬಂದರೆ, ಅವರ ಬಲಗಣ್ಣಿಗೆ ಮಂಜು ಕವಿಯುತ್ತಿತ್ತು, ಒಂದು ಕಾಲು ನೆಲ ಕೆರೆಯುತ್ತಿತ್ತು. ಫ್ರೀಜರಿನಲ್ಲಿ ತಲೆಯಿಟ್ಟು ಒಂದಿಷ್ಟು ಹೊತ್ತು ನಿಂತರೆ ಎರಡೂ ವಾಪಸ್ಸು.

ಇದೆಲ್ಲ ಓದಿ ನನ್ನನ್ನು ಕರುಣೆಯ ಮೈದುನ ಅಂದುಕೊಳ್ಳಬೇಡಿ. ನನಗೆ ಅತ್ತಿಗೆಯ ಮೇಲೆ ಇದ್ದದ್ದು ಹೊಟ್ಟೆಕಿಚ್ಚು. ಅದರ ಮೂಲ ಹೇಳಬೇಕಾದರೆ ಮೊದಲು ಅಣ್ಣನ ನಗುವಿನ ಬಗ್ಗೆ ಹೇಳಬೇಕು.

ನಾನು ಹುಟ್ಟಾ ಅಣಕುಗಾರ. ನನ್ನ ಹೊಟ್ಟೆಪಾಡೂ ಅದೇ. ಇಂಟರ್ನೆಟ್ ಕಂಪನಿಯೊಂದರ ಫೋನಿನಲ್ಲಿ ದಿನವಿಡೀ ‘ಚೆಟ್’ ಎಂಬ ಅಪ್ಪಟ ‘ಕೀವಿ’ಯಾಗಿ, ಎಂದರೆ ಈ ದೇಶದಲ್ಲೇ ಹುಟ್ಟಿದವನಾಗಿ ಮಾತಾಡುತ್ತೇನೆ. ಕೊನೆಗೆ ಕೆಲವು ಅಜ್ಜಿಯರು, ‘ನಿನ್ನಂಥ ಈ ಊರಿನ ಹುಡುಗ ಸಿಕ್ಕಿದ್ದು ಪುಣ್ಯ’ ಎಂದು ಹರಸಿ ಫೋನಿಡುತ್ತಾರೆ. ನನ್ನ ಸ್ವಂತ ದನಿ ಯಾವುದು ಎಂದು ಕೇಳಿದರೆ ಸ್ವಲ್ಪ ಹುಡುಕಬೇಕಾಗುತ್ತದೆ. ಆದರೆ ಈ ಎಲ್ಲ ವಿದ್ಯೆ ನಾನು ಕಲಿತದ್ದು ಒಬ್ಬನೇ ಪ್ರೇಕ್ಷಕನಿಗಾಗಿ. ನನ್ನಣ್ಣ ರಘು. ಮೈಸೂರಿನಲ್ಲಿ ನಾನು ಚಡ್ಡಿ ಹಾಕುವ ಕಾಲದಿಂದ ಅವನನ್ನು ನಗಿಸುವುದೇ ನನ್ನ ವ್ರತ. ಅವನ ನಗುವಿಗೆ ಮೂರು ಘಟ್ಟ. ಮೊದಲು ಸದ್ದಿಲ್ಲ, ಹೆಗಲು ಮಾತ್ರ ಕುಣಿಯುತ್ತದೆ. ಆಮೇಲೆ ಮೂಗಿನಿಂದ ಒಂದು ಸಣ್ಣ ಸೀಟಿ. ಕೊನೆಗೆ ಕೈಗೆ ಸಿಕ್ಕಿದ್ದನ್ನು ಬಡಿಯುತ್ತ, "ಸಾಕು ಕಣೋ, ಸಾಕು!" ಊರೆಲ್ಲರನ್ನೂ ಮಾಡಿ ತೋರಿಸುವ ನನಗೆ ಬಾರದ್ದು ಅದೊಂದೇ. ಅಣ್ಣನ ನಗು ನಗಲು ಹೋದರೆ ಗ್ಯಾಸ್ಕೆಟ್ ಹಾಳಾದ ಕುಕ್ಕರಿನ ಸದ್ದು ಬರುತ್ತಿತ್ತು. ಬರದಿದ್ದರೆ ಏನಂತೆ, ಅದನ್ನು ಎಬ್ಬಿಸುವ ಗುತ್ತಿಗೆ ನನ್ನೊಬ್ಬನದೇ ಎಂದುಕೊಂಡಿದ್ದೆ.

ಅಣ್ಣ ಮದುವೆಯಾಗಿ ಶೈಲಾ ಅತ್ತಿಗೆಯನ್ನು ಕರೆದುಕೊಂಡು ಬಂದದ್ದು ಜುಲೈ ತಿಂಗಳಲ್ಲಿ, ಇಲ್ಲಿನ ನಡುಚಳಿಗಾಲದಲ್ಲಿ. ನಾವೆಲ್ಲ ಹೀಟರಿಗೆ ಅಂಟಿಕೊಂಡಿದ್ದರೆ ಈ ಹೆಂಗಸು ಹೊರಗಿನ ಮರದ ಡೆಕ್ಕಿನ ಮೇಲೆ ತೆಳ್ಳನೆಯ ನೂಲಿನ ಸೀರೆಯಲ್ಲಿ ಕೂತು ಮ್ಯಾಂಡರಿನ್ ಕಿತ್ತಳೆ ಸುಲಿಯುತ್ತಿದ್ದರು. ಸಂಜೆ ಅವರನ್ನು ಒಳಗೆ ಕೂರಿಸಿ, ನನ್ನ ಅತ್ಯುತ್ತಮ ಸರಕು ಹೊರತೆಗೆದೆ. ನಮ್ಮ ಕನ್ನಡ ಕೂಟದ ಅಧ್ಯಕ್ಷ ಅಂಕಲ್ ಭಾಷಣ ಶುರು ಮಾಡುವ ಮುನ್ನ ಮೈಕಿನೊಳಗೇ ಗಂಟಲು ಸರಿಮಾಡಿಕೊಳ್ಳುವ ಪರಿ. ಅಣ್ಣನ ಹೆಗಲು ಕುಣಿಯಿತು, ಸೀಟಿ ಬಂತು, ಸೋಫಾದ ದಿಂಬು ಬಡಿಸಿಕೊಂಡಿತು. ನಾನು ಗೆದ್ದವನಂತೆ ಅತ್ತಿಗೆಯ ಕಡೆ ನೋಡಿದೆ. ಅವರು ಹಣ್ಣಿನ ತೊಳೆಯಿಂದ ನಾರು ಬಿಡಿಸುತ್ತ ಹೇಳಿದರು:

"ಛಲೋ ಮಾಡ್ತೀ. ಆದ್ರ ಮನುಷ್ಯಾನ್ನ ಬಿಟ್ಟು ಬರೇ ಕೆಮ್ಮು ಮಾಡೀ."

ಅಣ್ಣ ನಕ್ಕ. ನನಗೆ ನಕ್ಕದ್ದಕ್ಕಿಂತ ಜೋರಾಗಿ ನಕ್ಕ. ದಿಂಬು ಬಿಟ್ಟು ನನ್ನ ಬೆನ್ನನ್ನೇ ಬಡಿದ. ಆ ಸಂಜೆಯಿಂದ ನನ್ನ ಹೊಟ್ಟೆಯಲ್ಲಿ ಗ್ಯಾಸ್ ಗೀಸರಿನೊಳಗೆ ಸದಾ ಉರಿಯುವಂಥ ಒಂದು ಪೈಲಟ್ ದೀಪ ಹತ್ತಿಕೊಂಡಿತು, ಇನ್ನೂ ಆರಿಲ್ಲ.

ಕಾಯಿಲೆ ಬೆಳಕಿಗೆ ಬಂದ ಕಥೆ ನಮ್ಮಂಥವರ ಮನೆಯಲ್ಲಿ ಮಾತ್ರ ನಡೆಯುವಂಥದ್ದು. ಅಮ್ಮ ಮೈಸೂರಿನಿಂದ ದೀಪಾವಳಿಗೆ ಬಂದಿದ್ದರು. ಅಷ್ಟು ಹೊತ್ತಿಗೆ ಅತ್ತಿಗೆಗೆ ಒಂದು ವರ್ಷದಿಂದ ಪಾದ ಜೋಮು ಹಿಡಿಯುವುದು, ಸುಸ್ತು, ಆಗಾಗ ಎಡವುವುದು. ಇಲ್ಲಿನ ಡಾಕ್ಟರು ರಕ್ತ ನೋಡಿ ವಿಟಮಿನ್ ಕೊಟ್ಟಿದ್ದರು. ಅಮ್ಮ ಸೊಸೆಯ ಪಾದ ಒತ್ತಿ ನೋಡಿ ತೀರ್ಪು ಕೊಟ್ಟರು.

"ನರ ಎಲ್ಲ ತಣ್ಣಗಾಗ್ಬಿಟ್ಟಿದೆ ಕಣೇ. ಈ ಹಾಳು ಚಳಿ ದೇಶ! ಚತುರ್ದಶಿ ದಿನ ಚೆನ್ನಾಗಿ ಎಣ್ಣೆ ಇಟ್ಟು ಹಂಡೆ ನೀರು ಹಾಕ್ತೀನಿ ನೋಡು, ಕುಣೀತೀಯ."

ಹಂಡೆ ಎಲ್ಲಿಂದ ಬರಬೇಕು? ಸ್ನಾನದ ತೊಟ್ಟಿಯೊಳಗೆ ಪ್ಲಾಸ್ಟಿಕ್ ಸ್ಟೂಲು ಹಾಕಿ, ಇಸ್ತ್ರಿ ಪೆಟ್ಟಿಗೆಯಷ್ಟು ಬಿಸಿಯಾದ ಎಳ್ಳೆಣ್ಣೆ ತಿಕ್ಕಿ, ನಲ್ಲಿಯ ಬಿಸಿ ಸಾಲದೆಂದು ಕೆಟಲಿನಲ್ಲಿ ಕಾಯಿಸಿ ಕಾಯಿಸಿ ಬಕೆಟ್ಟಿಗೆ ಸುರಿದು, ಅಮ್ಮ ಸೊಸೆಗೆ ಅಭ್ಯಂಜನ ಶುರುಮಾಡಿದರು. ಬಾಗಿಲ ಸಂದಿಯಿಂದ ಆವಿ ಹೊರಬರುತ್ತಿತ್ತು. ನಾನು ಸರದಿಗೆ ಕಾಯುತ್ತ ಹೊರಗೆ ನಿಂತಿದ್ದೆ, ತಲೆಗೆಲ್ಲ ಎಣ್ಣೆ ಮೆತ್ತಿಕೊಂಡು. ನಿಜ ಹೇಳಬೇಕೆಂದರೆ ಆಗಲೂ ಹೊಟ್ಟೆಕಿಚ್ಚೇ. ಇಷ್ಟು ಹೊತ್ತು ನನಗೆ ಎಂದಾದರೂ ತಲೆ ತಿಕ್ಕಿದ್ದಾರೆಯೇ ಅಮ್ಮ?

ಒಳಗಿನಿಂದ ಅತ್ತಿಗೆಯ ದನಿ ಬಂತು. "ಅತ್ತೀ, ಕಣ್ಣಿಗೆ ಮಂಜು ಬಂದಂಗ ಆಗ್ಲಿಕತ್ತದ."

"ಸೀಗೆಪುಡಿ ಹೋಗಿರುತ್ತೆ, ಮುಚ್ಕೋ ಕಣ್ಣು. ಇನ್ನೆರಡು ಚೊಂಬು."

"ಅತ್ತೀ, ಕಾಲು... ಕಾಲು ಎಲ್ಲೆ ಹೋತು?"

ಆಮೇಲೆ ಸ್ಟೂಲು ಜಾರಿದ ಸದ್ದು, ಅಮ್ಮನ ಕೂಗು. ಅಣ್ಣ ಓಡಿಬಂದ. ಟವೆಲ್ ಸುತ್ತಿ ಎತ್ತಿಕೊಂಡು ಬಂದು ಅಡುಗೆಮನೆಯ ತಣ್ಣನೆಯ ನೆಲದ ಮೇಲೆ ಮಲಗಿಸಿದ. ಅತ್ತಿಗೆ ಸೂರನ್ನು ನೋಡುತ್ತಿದ್ದರು, ಆದರೆ ಏನೂ ಕಾಣಿಸುತ್ತಿಲ್ಲ ಎಂಬುದು ನಮಗೆ ಗೊತ್ತಾಗುತ್ತಿತ್ತು. ಅಮ್ಮ ದೇವರಿಗೆಲ್ಲ ಹರಕೆ ಹೊರುತ್ತಿದ್ದರು. ಆಂಬುಲೆನ್ಸ್ ಬರುವ ಮೊದಲೇ ನೆಲದ ತಂಪು ಮೈಗೆ ಹತ್ತಿ, ಅತ್ತಿಗೆ ಕಾಲ್ಬೆರಳು ಆಡಿಸಿದರು. ನನ್ನ ಕಡೆ ಕಣ್ಣು ತಿರುಗಿಸಿದರು.

"ಚೇತೂ, ತಲೀಗೆ ಎಣ್ಣಿ ಹಚ್ಚಿಕೊಂಡು ಏನ್ ಕಾಣಸ್ತೀಯೋ! ಕಣ್ಣ ಮತ್ತ ಹೋದ್ರೂ ಚಿಂತಿಲ್ಲ."

ಆಸ್ಪತ್ರೆಯ ನರರೋಗದ ಡಾಕ್ಟರು ಬಿಸಿನೀರಿನ ಕಥೆಯನ್ನು ಅಣ್ಣನಿಂದ ಮತ್ತೊಮ್ಮೆ ಹೇಳಿಸಿದರು. ಸ್ಕ್ಯಾನ್ ಆಯಿತು, ಬೆನ್ನುಹುರಿಯ ನೀರು ತೆಗೆದದ್ದಾಯಿತು, ಕಾಯಿಲೆಗೆ ಹೆಸರು ಸಿಕ್ಕಿತು. ಅಮ್ಮ ಮೂಲೆಯಲ್ಲಿ ಕೂತು ‘ನಾನೇ ಮಾಡಿದ್ದು, ನನ್ನ ಕೈಯಾರೆ’ ಎಂದು ಅಳತೊಡಗಿದರು. ಹಾಗಲ್ಲ, ಬಿಸಿ ಕಾಯಿಲೆ ತರುವುದಿಲ್ಲ, ಇದ್ದ ಕಾಯಿಲೆಯನ್ನು ತೋರಿಸುತ್ತದೆ ಅಷ್ಟೆ ಎಂದು ಅಣ್ಣ ಎಷ್ಟು ಹೇಳಿದರೂ ಕೇಳಲಿಲ್ಲ. ಅತ್ತಿಗೆ ಹಾಸಿಗೆಯಿಂದಲೇ ಅವರ ಕೈ ಹಿಡಿದುಕೊಂಡರು.

"ಅತ್ತೀ, ಇವರೆಲ್ಲ ಒಂದು ವರ್ಷ ಹುಡುಕಿದ್ರು, ಸಿಗಲಿಲ್ಲ. ನೀವು ಒಂದು ಬಕೆಟ್ ನೀರಾಗ ಹುಡುಕಿದ್ರಿ. ಫೀಜು ನಿಮಗ ಕೊಡಬೇಕು."

ಅಳುತ್ತಿದ್ದ ಅಮ್ಮ ನಕ್ಕುಬಿಟ್ಟರು. ಅಲ್ಲಿಗೆ ಅಮ್ಮನೂ ಹೋದರು ನನ್ನ ಕೈಬಿಟ್ಟು. ಮೈಸೂರಿಗೆ ಹಿಂತಿರುಗಿದ ಮೇಲೆ ಫೋನ್ ಮಾಡಿದರೆ ಮೊದಲ ಮಾತೇ, "ಶೈಲಾ ಹೇಗಿದ್ದಾಳೆ?" ನಾನು ಹೇಗಿದ್ದೇನೆ ಎಂಬುದಕ್ಕೆ ಒಂದು ವಾಕ್ಯವೂ ಇಲ್ಲ. ಒಮ್ಮೆ ನನಗೆ ನಿಜಕ್ಕೂ ಫ್ಲೂ ಬಂತು. ಮನೆಯಲ್ಲಿ ಎಲ್ಲರೂ ಗಾಬರಿಯಾದರು, ಅತ್ತಿಗೆಗೆ ಎಲ್ಲಿ ಹತ್ತುತ್ತದೋ ಎಂದು. ನನ್ನ ಹಾಸಿಗೆಯನ್ನು ಗರಾಜಿಗೆ ಸಾಗಿಸಿ, ತಿಳಿಸಾರಿನ ಲೋಟವನ್ನು ಬಾಗಿಲ ಹೊರಗೆ ಇಟ್ಟು ಹೋಗುತ್ತಿದ್ದರು. ಹುಲ್ಲು ಕತ್ತರಿಸುವ ಮೆಷಿನ್ನಿನ ಪಕ್ಕದಲ್ಲಿ ಮಲಗಿ, ಜ್ವರದಲ್ಲಿ ನಡುಗುತ್ತ, ಕಾಯಿಲೆ ಬಿದ್ದರೆ ಹೆಸರು ಇರುವ ಕಾಯಿಲೆಯೇ ಬೀಳಬೇಕು ಎಂದುಕೊಂಡೆ.

ಫ್ರೀಜರಂತೂ ಪೂರ್ತಿ ಒತ್ತುವರಿಯಾಯಿತು. ಅತ್ತಿಗೆ ಒಂದು ಐಸ್ ಜಾಕೆಟ್ ತರಿಸಿಕೊಂಡಿದ್ದರು. ತೋಳಿಲ್ಲದ ಕೋಟು, ಒಳಗೆಲ್ಲ ಜೇಬು, ಜೇಬಿಗೆ ಗಟ್ಟಿ ಮಾಡಿದ ಐಸ್ ಪ್ಯಾಕು. ಅದನ್ನು ತೊಟ್ಟು ಮೇಲೆ ಸೀರೆ ಉಟ್ಟರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ, ಸ್ವಲ್ಪ ದಪ್ಪಗೆ ಕಾಣುತ್ತಿದ್ದರು ಅಷ್ಟೆ. "ಹೆಂಡ್ತಿ ಮೈ ತುಂಬಿಕೊಂಡಾಳ ಅಂತ ನಿಮ್ಮಣ್ಣಗ ಹೆಮ್ಮಿ," ಎನ್ನುವರು. ಆ ಪ್ಯಾಕುಗಳಿಗೆ ಜಾಗ ಬೇಕೆಂದು ನನ್ನ ಐಸ್‌ಕ್ರೀಮ್ ಡಬ್ಬಿಯನ್ನು ಹೊರದಬ್ಬಲಾಯಿತು. ಹೊರಗೆ ಹೋಗುವ ಮುನ್ನ ಅವರಿಗೆ ಪುಡಿ ಐಸಿನ ಶರಬತ್ತು ಬೇಕು. ಡೈರಿಗೆ, ಎಂದರೆ ಇಲ್ಲಿನ ಮೂಲೆ ಅಂಗಡಿಗೆ, ಓಡಿ ತರುವವನು ನಾನು. ಕುಡಿಯುವವರು ಅವರು. "ಎಷ್ಟು ಒಳ್ಳೆ ಮೈದುನ!" ಎಂದು ಆಂಟಿಯರು ಹೊಗಳುವುದೂ ಅವರ ಪುಣ್ಯವನ್ನೇ, ನನ್ನ ಬೆವರನ್ನಲ್ಲ.

ಆದರೆ ಒಂದು ವಿಷಯದಲ್ಲಿ ಅತ್ತಿಗೆಗೂ ನಷ್ಟವಾಯಿತು, ನನಗೂ ಆಯಿತು. ಅಣ್ಣ ನಗುವುದನ್ನು ನಿಲ್ಲಿಸಿದ.

ಅವನು ನೀರಿನ ಪೈಪುಗಳ ಎಂಜಿನಿಯರು. ಎಲ್ಲಿ ಸೋರೀತು, ಎಲ್ಲಿ ಒಡೆದೀತು ಎಂದು ಮುಂಚೆಯೇ ಯೋಚಿಸುವುದು ಅವನ ಕಸುಬು. ಈಗ ಹೆಂಡತಿಯನ್ನೂ ಹಾಗೇ ನೋಡತೊಡಗಿದ. ಅವರು ಎದ್ದರೆ ಇವನೂ ಏಳುವನು. ಮೆಟ್ಟಿಲಿದ್ದರೆ ಮೊಣಕೈ ಹಿಡಿಯುವನು. ‘ಮೆಲ್ಲಗೆ’, ‘ಕೂತ್ಕೋ’, ‘ಬಿಸಿಲಿದೆ’, ಈ ಮೂರು ಮಾತಿನಲ್ಲಿ ಅವನ ಕನ್ನಡ ಮುಗಿಯುತ್ತಿತ್ತು. ಅತ್ತಿಗೆ ತಮ್ಮ ಮೇಲೆ ತಾವೇ ಜೋಕು ಹೊಡೆದರೆ ಹಲ್ಲಿನ ವೈದ್ಯರ ಮುಂದೆ ಕೂತವನಂತೆ ಬಾಯಿ ಸ್ವಲ್ಪ ತೆರೆಯುವನು, ಅಷ್ಟೆ. ನಾನು ಅಧ್ಯಕ್ಷ ಅಂಕಲ್ಲಿನಿಂದ ಹಿಡಿದು ನಮ್ಮ ಮೈಸೂರಿನ ಹಾಲಿನವನವರೆಗೆ ಎಲ್ಲರನ್ನೂ ಕರೆತಂದೆ. ಹೆಗಲು ಅಲುಗಲಿಲ್ಲ.

ಸಂಕ್ರಾಂತಿಗೆ ಎರಡು ವಾರ ಇರುವಾಗ ಅತ್ತಿಗೆ ಫ್ರೀಜರಿನಿಂದ ತಲೆ ಹೊರತೆಗೆದು ನನ್ನನ್ನು ಕರೆದರು. ಹುಬ್ಬಿನ ಮೇಲೆ ಹಿಮದ ಹರಳಿತ್ತು.

"ಚೇತೂ, ಈ ಸಲ ಕೂಟದ ಪ್ರೋಗ್ರಾಮಿನ್ಯಾಗ ನನ್ನ ಮಾಡು."

"ಏನಂದ್ರಿ?"

"ನನ್ನ ನಡಗಿ. ಬಿಸಿಲಾಗ ನಾ ಹೆಂಗ ಬರ್ತೀನಿ, ಫ್ರೀಜರ್ ಹೆಂಗ ಅಪ್ಪಿಕೋತೀನಿ, ಎಲ್ಲಾ."

"ಹುಚ್ಚಾ ಅತ್ತಿಗೆ? ಜನ ನನ್ನನ್ನ ಹೊಡೀತಾರೆ. ಅಣ್ಣ ಮನೆಯಿಂದಾನೇ ಓಡಿಸ್ತಾನೆ."

"ನೋಡು ತಮ್ಮಾ," ಎಂದು ಅವರು ಬಟಾಣಿ ಪೊಟ್ಟಣವನ್ನು ಕತ್ತಿಗೆ ಒತ್ತಿಕೊಂಡು ಕುರ್ಚಿಯಲ್ಲಿ ಕೂತರು. "ನಿಮ್ಮಣ್ಣ ನನ್ನನ್ನ ಗಾಜಿನ ಗೊಂಬಿ ಮಾಡಿ ಕಪಾಟಿನ್ಯಾಗ ಇಟ್ಟಾರ. ಕಾಲು ಹೋದ್ರ ಹೋಗ್ಲಿ, ಬರ್ತದ. ಕಣ್ಣ ಹೋದ್ರೂ ಬರ್ತದ. ಅವರ ನಗು ಹೋಗಿದ್ದು ಮಾತ್ರ ವಾಪಸ್ ಬರವಲ್ದು. ನಿನಗೂ ಅದು ಬೇಕು, ನನಗೂ ಬೇಕು. ಕೂಡಿ ಮಾಡೂಣು."

ನನ್ನ ಗುತ್ತಿಗೆಯಲ್ಲಿ ಪಾಲು ಕೇಳುತ್ತಿದ್ದರು. ಆದರೆ ಗುತ್ತಿಗೆಯೇ ಮುಳುಗಿಹೋಗಿತ್ತು. ಒಪ್ಪಿಕೊಂಡೆ.

ಅಣ್ಣ ಬರುವ ಮೊದಲು ಅಡುಗೆಮನೆಯಲ್ಲಿ ತಾಲೀಮು. ಅತ್ತಿಗೆ ನನ್ನೆದುರು ನಿಂತು ನಡೆದು ತೋರಿಸುವರು, ನಾನು ಅವರನ್ನೇ ನೋಡುತ್ತ ಹಾಗೇ ನಡೆಯುವೆ. "ಕಾಲು ಎತ್ತಿ ಇಡಬ್ಯಾಡ. ಅದು ನಿನ್ನ ಮಾತು ಕೇಳವಲ್ದು, ಗೊತ್ತಾತಿಲ್ಲೊ? ಕರದ್ರೂ ಬರಲಾರದ ನೆಂಟರಂಗ ಅದು. ಜಗ್ಗು." ಜಗ್ಗಿದೆ. "ಮಾರಿ ಸಪ್ಪಗ ಮಾಡಬ್ಯಾಡ. ನಾ ಸಪ್ಪಗಿರತೀನೇನು? ನಾ ಸಿಟ್ಟಿಲೆ ಇರ್ತೀನಿ. ಆ ಸಿಟ್ಟು ಮಾಡು." ಜೀವನದಲ್ಲಿ ಯಾರೂ ನನಗೆ ಇಷ್ಟು ಪಾಠ ಹೇಳಿರಲಿಲ್ಲ. ಪ್ರತಿ ಸಲವೂ ಕೊನೆಗೆ ತಲೆಯಾಡಿಸಿ, "ಅಡ್ಡಿಯಿಲ್ಲ," ಎನ್ನುವರು. ಹೊಗಳಿಕೆಯ ಬಾಗಿಲು ಅವರಲ್ಲಿ ಅಷ್ಟೇ ತೆರೆಯುತ್ತಿತ್ತು.

ಸಂಕ್ರಾಂತಿ ಇಲ್ಲಿ ಉರಿ ಬೇಸಿಗೆಯಲ್ಲಿ ಬರುತ್ತದೆ. ಕೂಟದವರು ಬಾಡಿಗೆಗೆ ಹಿಡಿದ ಸಭಾಂಗಣದ ಕಿಟಕಿಗಳೆಲ್ಲ ತೆರೆದಿದ್ದರೂ ಗಾಳಿ ಇಲ್ಲ. ಎಳ್ಳುಬೆಲ್ಲದಲ್ಲಿ ಬೆಲ್ಲ ಕರಗಿ ಕೈಗಂಟುತ್ತಿತ್ತು. ಅತ್ತಿಗೆ ಮೊದಲ ಸಾಲಿನಲ್ಲಿ, ಹಸಿರು ಇಳಕಲ್ ಸೀರೆಯ ಕೆಳಗೆ ಐಸ್ ಜಾಕೆಟ್ ತೊಟ್ಟು ಕೂತಿದ್ದರು. ಪಕ್ಕದಲ್ಲಿ ಬೀಸಣಿಗೆ ಹಿಡಿದ ಅಣ್ಣ. ಅವನಿಗೆ ಏನೂ ಗೊತ್ತಿಲ್ಲ.

ಅಧ್ಯಕ್ಷ ಅಂಕಲ್ಲಿನ ಕೆಮ್ಮಿನಿಂದ ಶುರುಮಾಡಿದೆ. ಜನ ನಕ್ಕರು. ಆಮೇಲೆ ತೆರೆಯ ಹಿಂದೆ ಹೋಗಿ, ಸೆರಗು ಸುತ್ತಿಕೊಂಡು, ಬಟಾಣಿ ಪೊಟ್ಟಣ ಕತ್ತಿಗಿಟ್ಟುಕೊಂಡು, ಕಾಲು ಜಗ್ಗುತ್ತ ಬಂದೆ. "ಚೇತೂ, ಅನ್ನಕ್ಕ ನೀರ ಇಟ್ಟೀಯೇನೋ?"

ಸಭೆ ತಣ್ಣಗಾಯಿತು. ಆ ಸಭಾಂಗಣದಲ್ಲಿ ಆವತ್ತು ತಣ್ಣಗಾದದ್ದು ಅದೊಂದೇ. ಒಬ್ಬ ಆಂಟಿ "ಛೆ ಛೆ" ಎಂದದ್ದು ಕೇಳಿಸಿತು. ಯಾರೋ ಮಗುವಿನ ಕಣ್ಣು ಮುಚ್ಚಿದರು, ನಾನು ಅಂಗಿ ಬಿಚ್ಚುತ್ತಿದ್ದೇನೋ ಎಂಬಂತೆ. ಅಣ್ಣನ ಬೀಸಣಿಗೆ ನಿಂತಿತು. ಅವನು ಎದ್ದು ನಿಂತ. ಆ ಮುಖವನ್ನು ನಾನು ಹುಟ್ಟಿದಾಗಿನಿಂದ ನೋಡಿರಲಿಲ್ಲ. ವೇದಿಕೆ ಹತ್ತಿ ಬರುತ್ತಾನೆ, ಹೊಡೆಯುತ್ತಾನೆ ಎಂದೇ ಅನಿಸಿತು. ಕಾಲು ಜಗ್ಗುವುದನ್ನು ನಿಲ್ಲಿಸಲೂ ಆಗದೆ, ಮುಂದುವರಿಸಲೂ ಆಗದೆ ಇನ್ನೊಂದು ಹೆಜ್ಜೆ ಎಳೆದೆ.

ಆಗ ಮೊದಲ ಸಾಲಿನಿಂದ ಅತ್ತಿಗೆಯ ದನಿ, ಮೈಕೇ ಬೇಡದಂಥದ್ದು:

"ಏ ಮಂಗ್ಯಾ! ಎಡಗಾಲೋ, ಎಡಗಾಲು! ಬಲಗಾಲು ಇನ್ನೂ ವಾರಂಟಿ ಒಳಗದ!"

ನಿಂತೇ ಇದ್ದ ಅಣ್ಣನ ಹೆಗಲು ಕುಣಿಯಿತು. ಮೂಗಿನಿಂದ ಸೀಟಿ ಬಂತು. ಬೀಸಣಿಗೆಯಿಂದ ಕುರ್ಚಿಯ ಬೆನ್ನನ್ನು ಬಡಿಯುತ್ತ, ಕಣ್ಣಲ್ಲಿ ನೀರು ಸುರಿಸುತ್ತ, "ಸಾಕು ಕಣೇ, ಸಾಕು!" ಎಂದ. ಕಣೇ. ಕಣೋ ಅಲ್ಲ. ಇಡೀ ಸಭೆ ಅವನ ಹಿಂದೆ ನಗತೊಡಗಿತು. ಛೆ ಛೆ ಆಂಟಿ ಎಲ್ಲರಿಗಿಂತ ಜೋರು. ಅತ್ತಿಗೆ ನನಗೆ ತೋರಿಸಿಕೊಡಲೆಂದು ಎದ್ದರು. ಅಷ್ಟರಲ್ಲಿ ಐಸು ಕರಗಿ ನೀರಾಗಿತ್ತು, ಎಡಗಾಲು ಬರಲಿಲ್ಲ, ಅಣ್ಣನ ಮೇಲೆಯೇ ವಾಲಿದರು. ಅವನು ಹಿಡಿದುಕೊಂಡ, ಆದರೆ ‘ಮೆಲ್ಲಗೆ’ ಎನ್ನಲಿಲ್ಲ. ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ನಗುತ್ತಿದ್ದರು. ನಾನು ವೇದಿಕೆಯ ಮೇಲೆ ಕರಗುತ್ತಿರುವ ಬಟಾಣಿ ಹಿಡಿದು ನಿಂತಿದ್ದೆ. ಕೊನೆಗೆ ಸೆರಗು ಬಿಚ್ಚಿ, ಮೆಟ್ಟಿಲಿಳಿದು, ನೀರು ಕುಡಿಯಲು ಹೊರಗೆ ಹೋದೆ. ಯಾರೂ ನೋಡಲಿಲ್ಲ ಎಂದುಕೊಂಡಿದ್ದೆ.

ಅದೇ ವರ್ಷದ ಚಳಿಗಾಲದಲ್ಲಿ ಅಣ್ಣ ಇನ್ವರ್ಕಾರ್ಗಿಲ್ಲಿನಲ್ಲಿ ಕೆಲಸ ಹುಡುಕಿದ. ಈ ದೇಶದ ದಕ್ಷಿಣ ತುದಿಯ ಊರು, ಅಲ್ಲಿಂದಾಚೆ ಹೆಚ್ಚುಕಡಿಮೆ ಹಿಮವೇ. ಆಕ್ಲೆಂಡಿನ ಜಿಗುಟು ಬೇಸಿಗೆಯಲ್ಲಿ ಅತ್ತಿಗೆ ವರ್ಷದ ಮೂರು ತಿಂಗಳು ಫ್ರೀಜರಿನಲ್ಲೇ ಬದುಕಬೇಕಿತ್ತು. ಸುದ್ದಿ ಕೇಳಿ ಅಮ್ಮ ಫೋನಿನಲ್ಲಿ ಗಲಾಟೆ ಎಬ್ಬಿಸಿದರು. "ಅವಳಿಗೆ ಮೊದಲೇ ಸೆಕೆ ಆಗಲ್ಲ, ಇವನು ದಕ್ಷಿಣಕ್ಕೆ ಕರ್ಕೊಂಡು ಹೋಗ್ತಾನಂತಲ್ಲೋ! ಬುದ್ಧಿ ಇದ್ಯಾ?" ಇಲ್ಲಿ ದಕ್ಷಿಣಕ್ಕೆ ಹೋದಷ್ಟೂ ಚಳಿ ಎಂದು ಅವರನ್ನು ನಂಬಿಸಲು ನನಗೆ ಆಗಲಿಲ್ಲ. ಅತ್ತಿಗೆ ಫೋನ್ ಕಸಿದುಕೊಂಡು, "ಅತ್ತೀ, ನನ್ನ ಸಲುವಾಗಿ ಭೂಮಿನ ಉಲ್ಟಾ ಇಟ್ಟಾರ ಇಲ್ಲೆ," ಎಂದರು. ಅಮ್ಮ ಕೂಡಲೇ ನಂಬಿದರು.

ಕೊನೆಯ ಭೇಟಿ ವಿಮಾನ ನಿಲ್ದಾಣದಲ್ಲಿ. ಅಣ್ಣ ಲಗೇಜಿನ ಸಾಲಿನಲ್ಲಿದ್ದ. ಒಳಗೆ ತಂಪಾಗಿತ್ತು, ಹಾಗಾಗಿ ಅತ್ತಿಗೆ ಮದುವೆ ಹೆಣ್ಣಿನಂತೆ ನೆಟ್ಟಗೆ ನಿಂತಿದ್ದರು. ಆರು ತಿಂಗಳಿಂದ ಒಳಗೇ ಕುದಿಯುತ್ತಿದ್ದ ಪ್ರಶ್ನೆ ಕೇಳಿದೆ.

"ಅತ್ತಿಗೆ, ತಾಲೀಮಿನಲ್ಲಿ ನೀವು ನನ್ನೆದುರಿಗೆ ನಿಂತು ತೋರಿಸ್ತಿದ್ರಿ. ಕನ್ನಡೀಲಿ ನೋಡಿದ ಹಾಗೆ ನಾನು ಮೊದಲ ದಿನದಿಂದ ಬಲಗಾಲೇ ಎಳೀತಿದ್ದೆ. ನಿಮಗೆ ಗೊತ್ತಿತ್ತು ಅಲ್ವಾ?"

"ಗೊತ್ತಿತ್ತು."

"ಮತ್ತೆ ಯಾಕೆ ಹೇಳಲಿಲ್ಲ?"

"ಎಲ್ಲಾ ನಿನಗ ಕೊಟ್ಟಬಿಟ್ರ ನನಗೇನು ಉಳೀತಿತ್ತೋ? ನಾ ಬರೋಕಿಂತ ಮೊದ್ಲಿಂದ ಅವರನ್ನ ನಗಸಾಂವ ನೀನು. ನನಗ ಹೊಟ್ಟಿಕಿಚ್ಚು ಇರಂಗಿಲ್ಲೇನು?"

ಹೊಟ್ಟೆಕಿಚ್ಚು ನನ್ನ ಖಾಸಗಿ ಆಸ್ತಿ ಎಂದುಕೊಂಡಿದ್ದೆ. ಅತ್ತಿಗೆ ಲಗೇಜಿನ ಸಾಲಿನ ಕಡೆ ನೋಡಿದರು. ಆಮೇಲೆ ಜೋಕಿನ ದನಿ ಬಿಟ್ಟು ಹೇಳಿದರು.

"ಇನ್ನೊಂದು ಹೇಳ್ಲೇನು? ಅವತ್ತು ನೀ ನನ್ನಂಗ ಕುಂಟಿದಿ. ಭಾಳ ಛಲೋ ಕುಂಟಿದಿ. ಆಮ್ಯಾಲ ಸೆರಗು ಬಿಚ್ಚಿ, ಮೆಟ್ಟಲಾ ಇಳದು, ನೆಟ್ಟಗ ನಡಕೋತ ನೀರ ಕುಡೀಲಿಕ್ಕೆ ಹೋದಿ. ಎಲ್ಲಾರೂ ನಗ್ಲಿಕತ್ತಿದ್ರು. ನಾ ನಿನ್ನ ಕಾಲು ನೋಡ್ಲಿಕತ್ತಿದ್ದೆ. ಎಷ್ಟು ಹೊಟ್ಟಿ ಉರೀತು ಅಂದ್ರ, ಐಸ್ ಜಾಕೆಟ್ಟು ಅದಕ್ಕ ಕರಗಿದ್ದು."

ನಾನು ಏನಾದರೂ ಹೇಳಬೇಕಿತ್ತು. ಯಾರ ದನಿಯಲ್ಲಿ ಹೇಳಬೇಕೋ ತಿಳಿಯಲಿಲ್ಲ. ಅಷ್ಟರಲ್ಲಿ ಅಣ್ಣ ಬಂದ. ಅತ್ತಿಗೆ ನನ್ನ ಕೆನ್ನೆ ಹಿಂಡಿದರು, ಕೈ ಹಿಮದಷ್ಟು ತಣ್ಣಗಿತ್ತು. "ಬರ್ತೀವಪಾ. ಅನ್ನಕ್ಕ ನೀರ ಇಡು," ಎಂದು ಎರಡೂ ಕಾಲಿನ ಮೇಲೆ ನೆಟ್ಟಗೆ ನಡೆದು ಹೋದರು. ದೂರದಿಂದ ಅಣ್ಣನ ಸೀಟಿ ಕೇಳಿಸಿತು. ಏನು ಹೇಳಿ ನಗಿಸಿದರೋ, ನನಗೆ ಕೇಳಿಸಲಿಲ್ಲ.

ಈಗ ಮತ್ತೆ ಡಿಸೆಂಬರ್. ಮನೆಗೆ ಇಬ್ಬರು ಫ್ಲ್ಯಾಟ್‌ಮೇಟ್‌ಗಳು ಬಂದಿದ್ದಾರೆ, ಒಳ್ಳೆಯ ಹುಡುಗರು, ಯಾವಾಗಲೂ ಹೊರಗೇ ತಿನ್ನುತ್ತಾರೆ. ಫ್ರೀಜರ್ ಪೂರ್ತಿ ನನ್ನದು. ಒಳಗೆ ನನ್ನ ಐಸ್‌ಕ್ರೀಮ್ ಡಬ್ಬಿ, ಸುತ್ತ ಬಟಾಬಯಲು. ಭಾನುವಾರಗಳಂದು ದಕ್ಷಿಣದಿಂದ ವಿಡಿಯೋ ಕಾಲ್ ಬರುತ್ತದೆ. ಅತ್ತಿಗೆ ಸ್ವೆಟರ್ ಹಾಕದೆ ಕೂತಿರುತ್ತಾರೆ, ಅಣ್ಣ ಮೂರು ಹಾಕಿಕೊಂಡು ನಡುಗುತ್ತ ನಗುತ್ತಿರುತ್ತಾನೆ. ಎರಡನೆಯ ಘಟ್ಟಕ್ಕೆ ಬರುವಷ್ಟರಲ್ಲಿ ನೆಟ್‌ವರ್ಕ್ ಕೈಕೊಡುತ್ತದೆ.

ನಿನ್ನೆ ಮಧ್ಯಾಹ್ನ ಸೆಕೆ ತಡೆಯಲಾಗಲಿಲ್ಲ. ಮನೆಯಲ್ಲಿ ಯಾರೂ ಇರಲಿಲ್ಲ. ಫ್ರೀಜರ್ ತೆರೆದು ತಲೆ ಒಳಗಿಟ್ಟೆ. ಕೈ ಸೊಂಟದ ಮೇಲಲ್ಲ, ಫ್ರಿಜ್ಜಿನ ಪಕ್ಕೆಗಳಿಗೆ ಊರಿದೆ. ಭಾರವನ್ನು ಬಲಗಾಲಿಗೆ ಕೊಟ್ಟು ಎಡಗಾಲನ್ನು ಸಡಿಲ ಬಿಟ್ಟೆ. ತಂಪು ಹಣೆಗೆ ಹತ್ತಿತು. "ಚೇತೂ, ಅನ್ನಕ್ಕ ನೀರ ಇಟ್ಟೀಯೇನೋ?" ಎಂದೆ. ಗುಹೆಯೊಳಗಿಂದ ಅತ್ತಿಗೆಯೇ ಬಂದರು. ಬರೀ ಕೆಮ್ಮಲ್ಲ, ಮನುಷ್ಯರೇ. ಸಿಟ್ಟು ಸಹಿತ.

ಪಕ್ಕಕ್ಕೆ ನೋಡಿದೆ. ಮೈಕ್ರೋವೇವಿನ ಗಾಜಿನಲ್ಲಿ ನನ್ನ ಹಿಂದೆ ಯಾರೂ ಇರಲಿಲ್ಲ. ಇಷ್ಟು ಚೆನ್ನಾಗಿ ಮಾಡಿದ ಮೇಲೆ ಯಾರಾದರೂ ನಗಬೇಕಲ್ಲ. ನನ್ನ ಹೆಗಲು ತಾನಾಗಿ ಕುಣಿಯಿತು. ಆಮೇಲೆ ಮೂಗಿನಿಂದ ಒಂದು ಸಣ್ಣ ಸೀಟಿ ಬಂತು, ಇಷ್ಟು ವರ್ಷ ಎಷ್ಟು ಪ್ರಯತ್ನಪಟ್ಟರೂ ಬಾರದಿದ್ದದ್ದು, ಒಂದಿಷ್ಟೂ ತಪ್ಪಿಲ್ಲದೆ. ಕೈಗೆ ಸಿಕ್ಕಿದ ಫ್ರಿಜ್ಜಿನ ಮೈಯನ್ನು ಬಡಿಯುತ್ತ, "ಸಾಕು ಕಣೋ, ಸಾಕು!" ಎಂದೆ.